ಹನ್ನೊಂದನೇ ಹಾಳೆ

ಎಂ.ಎ.ಯಲ್ಲಿ ನಾನು ರಾಜ್ಯಶಾಸ್ತ್ರವನ್ನೂ ಸಾಮಾಜಿಕ ನೀತಿಯನ್ನೂ ಒಟ್ಟಿಗೆ ಓದಿದವಳು. ಬೆಳಗ್ಗೆ ರಾಜ್ಯಶಾಸ್ತ್ರದ ಮೇಷ್ಟ್ರು, "ಅಧಿಕಾರ ಯಾರ ಕೈಯಲ್ಲಿದೆ, ಅದನ್ನು ನೋಡಿ" ಎನ್ನುತ್ತಿದ್ದರು. ಮಧ್ಯಾಹ್ನ ನೀತಿ ಪಾಠದ ಮೇಡಂ, "ಅಕ್ಕಿ ಯಾರ ಮನೆಗೆ ಮುಟ್ಟಿತು, ಅದನ್ನು ನೋಡಿ" ಎನ್ನುತ್ತಿದ್ದರು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ದಿನಾ ಬಸ್ಸಿನಲ್ಲಿ ನಿಂತು ಹೋಗುವವಳಿಗೆ ಎರಡು ನೋಟ್‌ಬುಕ್ ಹೊರುವುದೇ ದಂಡ ಅನ್ನಿಸಿ, ಒಂದರಲ್ಲೇ ಒಂದು ಪಾಠವನ್ನು ಮುಂದಿನಿಂದ, ಇನ್ನೊಂದನ್ನು ಹಿಂದಿನಿಂದ ಬರೆದುಕೊಳ್ಳುತ್ತಿದ್ದೆ. ಎರಡೂ ನಡುವೆ ಎಲ್ಲೋ ಒಂದು ಕಡೆ ಕೂಡಲೇಬೇಕಲ್ಲ, ಅದು ನನ್ನ ತಲೆಗೆ ಹೋಗಿರಲಿಲ್ಲ.

ಕೊನೆಯ ವರ್ಷ ಕ್ಷೇತ್ರಕಾರ್ಯ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಪ್ಪತ್ತು ಮನೆ ಸುತ್ತಿ, ರೇಷನ್ ಕಾರ್ಡಿನ ಬಗ್ಗೆ ಕೇಳಿ, ಮನೆಗೊಂದು ಹಾಳೆ ತುಂಬಬೇಕು. ಹೆಸರು ಬರೆಯಬಾರದು, ನಂಬರ್ ಮಾತ್ರ ಎಂದು ಮೇಡಂ ಎರಡು ಸಲ ಹೇಳಿದ್ದರು. ಆ ಹಳ್ಳಿಯ ಹೆಸರನ್ನು ಈಗಲೂ ಬರೆಯುವುದಿಲ್ಲ; ಅಷ್ಟರಮಟ್ಟಿಗಾದರೂ ಬುದ್ಧಿ ಬಂದಿದೆ. ನಾನು ಕಾರ್ಡ್ ರದ್ದು ಮಾಡಲು ಬಂದವಳು ಎಂದುಕೊಂಡು ಜನ ಬೈಕನ್ನು ಹಿತ್ತಲಿಗೆ ತಳ್ಳಿದರು, ಟಿ.ವಿ. ಮೇಲೆ ಸೀರೆ ಹೊದಿಸಿದರು. ಒಂದು ಮನೆಯಲ್ಲಿ ಆ ಸೀರೆಯ ಒಳಗಿಂದಲೇ ಧಾರಾವಾಹಿಯ ಅತ್ತೆ ಸೊಸೆಯನ್ನು ಬೈಯುತ್ತಿದ್ದಳು. ನಗು ತಡೆದುಕೊಂಡು "ಟಿ.ವಿ. ಇಲ್ಲ" ಎಂದು ಬರೆದುಕೊಂಡೆ.

ಹನ್ನೊಂದನೆಯ ಮನೆಯ ಅಕ್ಕ ಮಾತ್ರ ಏನನ್ನೂ ಮುಚ್ಚಲಿಲ್ಲ. ಗಂಡ ತೀರಿಕೊಂಡ ಮೇಲೆ ಭೀಮಸಮುದ್ರಕ್ಕೆ ಅಡಿಕೆ ಸುಲಿಯಲು ಹೋಗಿ ಮನೆ ನಡೆಸಿದವಳು. ಗ್ರಾಮಸಭೆಯಲ್ಲಿ ಎದ್ದು ನಿಂತು, ಚರಂಡಿ ಎಲ್ಲಿ, ನಲ್ಲಿ ಎಲ್ಲಿ ಎಂದು ಪಂಚಾಯಿತಿ ಮೆಂಬರನ್ನು ಕೇಳುವ ಹೆಂಗಸು ಊರಿಗೆಲ್ಲ ಇವಳೊಬ್ಬಳೇ. ಇವಳ ಬಾಯಿಗೆ ಮೆಂಬರೂ ಹೆದರುತ್ತಾನೆ ಎಂದು ಪಕ್ಕದ ಮನೆಯವರೇ ಹೇಳಿದ್ದರು. ಮುದ್ದೆ, ಹುರುಳಿ ಸಾರು ಬಡಿಸಿ ಎದುರಿಗೆ ಕುಳಿತಳು.

"ಮಗಳಿಗೆ ಸರ್ಕಾರಿ ಆಸ್ಪತ್ರೇಲಿ ನರ್ಸ್ ಕೆಲ್ಸ ಸಿಕ್ಕೈತೆ. ಕಾರ್ಡಲ್ಲಿ ಅವಳ ಹೆಸ್ರು ಹಂಗೇ ಐತೆ, ತೆಗ್ಸಿಲ್ಲ. ಗೊತ್ತಾದ್ರೆ ಕಾರ್ಡೇ ಹೋಗ್ತೈತೆ."

"ಮತ್ತೆ ನಂಗ್ಯಾಕೆ ಹೇಳ್ತಿದೀಯಕ್ಕ?"

"ಓದೋ ಹುಡ್ಗಿ ನೀನು. ನಿಂಗೂ ಸುಳ್ಳು ಹೇಳಿದ್ರೆ ನೀನೇನ್ ಕಲೀತೀಯ? ಬರ್ಕ. ಯಾರಿಗೂ ತೋರಿಸ್ಬ್ಯಾಡ, ಅಷ್ಟೆ."

ತೋರಿಸುವುದಿಲ್ಲ ಎಂದೆ. ಆದರೆ ಯಾವ ಹಾಳೆ ಯಾರದೆಂದು ಮರೆತೀತು ಎಂದು ಪ್ರತಿ ಹಾಳೆಯ ಮೂಲೆಯಲ್ಲೂ ಪೆನ್ಸಿಲ್ಲಿನಲ್ಲಿ ಹೆಸರು ಬರೆದಿದ್ದೆ. ಮನೆಗೆ ಹೋಗಿ ಅಳಿಸಿದರಾಯಿತು ಎಂದುಕೊಂಡಿದ್ದೆ.

ಕ್ಷೇತ್ರಕಾರ್ಯ ಮಾಡಿದ್ದಕ್ಕೆ ಸರ್ಟಿಫಿಕೇಟಿನ ಮೇಲೆ ಪಂಚಾಯಿತಿಯ ಸೀಲು, ಸಹಿ ಬೇಕಿತ್ತು. ಪಿಡಿಒ ಮೀಟಿಂಗಿಗೆ ಹೋಗಿದ್ದರು. "ಫೈಲ್ ಇಟ್ಟೋಗಮ್ಮ, ನಾಳೆ ಬಂದು ತಗಂಡೋಗು" ಎಂದ ಬಿಲ್ ಕಲೆಕ್ಟರ್. ಸರ್ಟಿಫಿಕೇಟ್ ಒಂದನ್ನೇ ತೆಗೆದು ಕೊಡಬಹುದಿತ್ತು. ಬಸ್ಸಿನ ಹೊತ್ತಾಯಿತೆಂದು ಇಡೀ ಫೈಲ್ ಅವನ ಮೇಜಿನ ಮೇಲಿಟ್ಟು ಓಡಿದೆ.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿದೆ. ಉಚಿತ ಟಿಕೆಟ್ಟಿಗೆ ತೋರಿಸಲು ಬ್ಯಾಗಿನಲ್ಲಿ ಆಧಾರ್ ಕಾರ್ಡ್ ಹುಡುಕುವಾಗ ಕೈಗೆ ಪೆನ್ಸಿಲ್ ಸಿಕ್ಕಿತು. ಫೈಲಿನ ಹಾಳೆಗಳಲ್ಲಿ ಹೆಸರು ಅಳಿಸಿಯೇ ಇರಲಿಲ್ಲ. ಕಂಡಕ್ಟರ್ ಎಲ್ಲಿಗೆ, ಎಲ್ಲಿಗೆ ಎಂದು ಕೇಳುತ್ತಿದ್ದರೂ ನನ್ನ ಊರಿನ ಹೆಸರು ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಅನ್ನಿಸಿತು.

ಮರುದಿನ ಪಂಚಾಯಿತಿ ಬಾಗಿಲು ತೆಗೆಯುವ ಹೊತ್ತಿಗೆ ಹೋದೆ. ನನಗಿಂತ ಮುಂಚೆ ಮೆಂಬರು ಬಂದು ಕುಳಿತು, ಟೀ ಕುಡಿಯುತ್ತಾ ನನ್ನ ಹಾಳೆಗಳನ್ನು ತಿರುವುತ್ತಿದ್ದ.

"ಬರ್ರಿ ಮೇಡಂ, ಕುಂತ್ಕಳ್ರಿ. ಅಕ್ಷರ ಬಲು ಚೆನ್ನಾಗೈತೆ. ನಮ್ಮೂರಿನ ವಿಷ್ಯ ನಮಗೇ ಗೊತ್ತಿರ್ಲಿಲ್ಲ ನೋಡ್ರಿ."

ನೀವು ಇವನ್ನು ಓದುವ ಹಾಗಿಲ್ಲ ಎಂದು ಕಿತ್ತುಕೊಳ್ಳಬೇಕಿತ್ತು. "ಥ್ಯಾಂಕ್ಸ್ ಸರ್" ಎಂದೆ. ಥೂ, ಆ ಥ್ಯಾಂಕ್ಸ್ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬಸ್ ನಿಲ್ದಾಣದಲ್ಲಿ ಫೈಲ್ ಬಿಚ್ಚಿದೆ. ಸೀಲು ನೆಟ್ಟಗೆ ಬಿದ್ದಿತ್ತು. ಇಪ್ಪತ್ತರಲ್ಲಿ ಒಂದೇ ಒಂದು ಹಾಳೆಯ ತುದಿಯನ್ನು ಮಡಚಿದ್ದ. ಹನ್ನೊಂದು. ರಬ್ಬರ್ ಹಿಡಿದು ಉಜ್ಜಿದೆ. ಹೆಸರು ಹೋಯಿತು, ಮಡಚಿದ ಗೆರೆ ಹೋಗಲಿಲ್ಲ.

ಅವತ್ತಿನಿಂದ ಪ್ರತಿ ತಿಂಗಳೂ ಫೋನ್ ಮಾಡುತ್ತಿದ್ದೆ. "ಅಕ್ಕಿ ಬಂತಾ ಅಕ್ಕ?"

"ಬಂತು ಕಣವ್ವ. ನಿಂಗ್ಯಾಕೆ ನನ್ ಅಕ್ಕಿ ಚಿಂತೆ, ನಿಮ್ಮನೇಲಿ ಖಾಲಿಯಾಗೈತಾ?" ಎಂದು ನಗುತ್ತಿದ್ದಳು. ನಡೆದದ್ದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಮೂರನೆಯ ತಿಂಗಳು ಅವಳು ನಗಲಿಲ್ಲ. "ಬಂತು" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಅಕ್ಕಿಯಂತೂ ಬಂದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಗ್ರಾಮಸಭೆ ಯಾವತ್ತೆಂದು ತಿಳಿದುಕೊಂಡು ಹೋದೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಜಮಖಾನ. ಅಕ್ಕನ ಹಿಂದೆಯೇ ಕುಳಿತೆ. ಚರಂಡಿ ಕೆಲಸ ಪೂರ್ಣಗೊಂಡಿದೆ ಎಂದು ಓದಿದರು. ಶಾಮಿಯಾನದ ಪಕ್ಕದಲ್ಲೇ ಕೊಳಚೆ ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ಹೆಂಗಸರೆಲ್ಲ ಅಕ್ಕನ ಕಡೆ ತಿರುಗಿದರು.

"ಯಾರಾದ್ರೂ ಏನಾದ್ರೂ ಕೇಳೋದೈತೇನ್ರಪ್ಪ?" ಎಂದ ಮೆಂಬರು. ಆಮೇಲೆ ಅವಳನ್ನೇ ನೋಡಿ, ಬಹಳ ಅಕ್ಕರೆಯಿಂದ ವಿಚಾರಿಸಿದ: "ಮಗ್ಳು ಚೆನ್ನಾಗದಾಳೇನಕ್ಕ?"

ಅಕ್ಕ "ಹ್ಞೂಂ" ಎಂದು ತಲೆ ತಗ್ಗಿಸಿ, ಜಮಖಾನದ ದಾರ ಎಳೆಯುತ್ತಾ ಕುಳಿತಳು.

ಚರಂಡಿ ಎಲ್ಲಿ ಎಂದು ಕೇಳಲು ನನಗೂ ಬಾಯಿತ್ತು. ಎರಡೂ ವಿಷಯಗಳಲ್ಲಿ ಒಳ್ಳೆಯ ಅಂಕ ಬಂದಿತ್ತು. ನಾನು ಎದ್ದರೆ ಅವಳ ಕಾರ್ಡ್ ಹೋದೀತು ಎಂಬ ಭಯ. ಸುಳ್ಳು ಯಾಕೆ, ಅವನ ಭಯವೂ ಇತ್ತು. ಏಳಲಿಲ್ಲ. ಸಭೆ ಮುಗಿದು ಎಲ್ಲರೂ ಎದ್ದಾಗ ಅಕ್ಕ ತಿರುಗಿ ನನ್ನನ್ನು ಕಂಡಳು. ಬೈದುಬಿಡಲಿ ಎಂದು ಕಾದು ನಿಂತೆ.

"ಉಂಡ್ಕಂಡು ಹೋಗವ್ವ" ಎಂದಳು, ಬಾಯಿಗೆ ಸೆರಗು ಅಡ್ಡ ಹಿಡಿದು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.