ಪವರ್ ಇಲ್ಲದ ಕನ್ನಡಕ

ಅಥವಾ ಆ ಕೈ ನನ್ನದೇ ಇರಬಹುದು. ಫೋಟೋದಲ್ಲಿ ಹೆಂಗಸೊಬ್ಬರ ಮುಖಕ್ಕೆ ಕನ್ನಡಕ ತೊಡಿಸುತ್ತಿರುವ ಒಂದು ಕೈ ಮಾತ್ರ ಇದೆ, ಮಣಿಕಟ್ಟಿನಲ್ಲಿ ಗಡಿಯಾರ. ನನ್ನ ಹತ್ತಿರ ಅಂಥದ್ದೇ ಗಡಿಯಾರವಿತ್ತು. ಆದರೆ ಆ ವರ್ಷ ಕ್ಲಬ್ಬಿನ ಎಲ್ಲ ಸದಸ್ಯರಿಗೂ ಅದನ್ನೇ ಹಂಚಿದ್ದರು, ಹಾಗಾಗಿ ಫೋಟೋ ಏನನ್ನೂ ಸಾಬೀತು ಮಾಡುವುದಿಲ್ಲ. ನಾನು ಬದಿಯಲ್ಲಿ ಮೈಕ್ ಹಿಡಿದು ನಿಂತಿದ್ದೆ ಎಂದು ನೆನಪು ಹೇಳುತ್ತದೆ. ನನ್ನ ನೆನಪಿಗೆ ನನ್ನ ಮೇಲೆ ದಾಕ್ಷಿಣ್ಯ ಜಾಸ್ತಿ.

ಆಗ ನಾನು ಶಿವಮೊಗ್ಗದ ಸೇವಾ ಕ್ಲಬ್ಬೊಂದರ ಕಾರ್ಯದರ್ಶಿ. ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ. ಭದ್ರಾವತಿಯ ಶಾಲೆಯೊಂದರಲ್ಲಿ ಉಚಿತ ಕಣ್ಣಿನ ತಪಾಸಣೆ ಮಾಡಿಸಿದ್ದೆವು. ನಮ್ಮ ಯುವ ಘಟಕದ ಕಾಲೇಜು ಹುಡುಗಿಯರು ಬಿಸಿಲಲ್ಲಿ ಮನೆಮನೆ ಸುತ್ತಿ ಜನರನ್ನು ಕರೆತಂದಿದ್ದರು. ಕನ್ನಡಕ ಬರಲು ಒಂದು ತಿಂಗಳು ಬೇಕಿತ್ತು. ಅಷ್ಟರೊಳಗೆ ಗವರ್ನರ್ ಭೇಟಿ ನಿಗದಿಯಾಯಿತು. ಗವರ್ನರ್ ಎಂದರೆ ರಾಜಭವನದವರಲ್ಲ, ನಮ್ಮಂಥ ಕ್ಲಬ್ಬುಗಳ ಮೇಲಿನ ಮುಖ್ಯಸ್ಥರು. ಅವರು ಬರುವ ದಿನ ವರ್ಷದ ಯೋಜನೆಗಳೆಲ್ಲ ‘ಪೂರ್ಣ’ವಾಗಿರಬೇಕು, ಫೋಟೋ ಸಮೇತ. ಇದು ಎಲ್ಲೂ ಬರೆದಿರದ ನಿಯಮ. ಬರೆದಿದ್ದರೆ ಯಾರಾದರೂ ಮುರಿಯುತ್ತಿದ್ದರೇನೋ.

ಆ ದಿನಕ್ಕೆ ಬಂದಿದ್ದು ಬರೀ ಫ್ರೇಮುಗಳು, ಅಂಗಡಿಯ ಷೋಕೇಸಿನಲ್ಲಿ ಇರುತ್ತವಲ್ಲ, ಸಾದಾ ಪ್ಲಾಸ್ಟಿಕ್ ಹಾಳೆ ತುಂಬಿದಂಥವು.

“ಸರ್, ಇದ್ರಲ್ಲಿ ಪವರ್ರೇ ಇಲ್ಲ,” ಎಂದಳು ಯುವ ಘಟಕದ ಒಬ್ಬ ಹುಡುಗಿ.

“ಇವತ್ತು ಫ್ರೇಮ್ ಕೊಡೋಣ, ಲೆನ್ಸ್ ಆಮೇಲೆ ಹಾಕ್ಸಿದ್ರಾಯ್ತು,” ಎಂದರು ಅಧ್ಯಕ್ಷರು. ನನ್ನ ಕಡೆ ತಿರುಗಿ, “ಫೋಟೋದಲ್ಲಿ ಪವರ್ ಕಾಣ್ಸತ್ತೇನೋ ಮಾರಾಯ?”

ನಾನು ನಕ್ಕೆ. ಇದು ಮಾತ್ರ ಖಚಿತವಾಗಿ ನೆನಪಿದೆ.

ಫೋಟೋದ ಆ ಹೆಂಗಸು ಸೀರೆ ಸೆರಗಿಗೆ ಕುಚ್ಚು ಕಟ್ಟುವವರು. ಎಳೆ ಕಾಣದೆ ಕುಚ್ಚು ಸೊಟ್ಟಗಾಗುತ್ತಿದ್ದವು. ಸೀರೆ ಅಂಗಡಿಯವನು ಹಬ್ಬದೊಳಗೆ ಕಣ್ಣು ಸರಿಮಾಡಿಕೊಳ್ಳದಿದ್ದರೆ ಕೆಲಸ ಬೇರೆಯವರಿಗೆ ಎಂದಿದ್ದ. ಕನ್ನಡಕ ಏರಿದ ಮೇಲೆ ಅವರು ತಮ್ಮ ಅಂಗೈಯನ್ನೇ ಹತ್ತಿರ ತಂದು, ದೂರ ಹಿಡಿದು ನೋಡಿದರು.

“ಮೊದ್ಲು ಹೆಂಗಿತ್ತೋ ಹಂಗೇ ಇದೆ ಸಾರ್.”

“ಅಭ್ಯಾಸ ಆಗ್ಬೇಕಮ್ಮ. ದಿನಾ ಹಾಕ್ಕೊಳ್ಳಿ,” ಎಂದರು ಅಧ್ಯಕ್ಷರು. ಜನ ಚಪ್ಪಾಳೆ ತಟ್ಟಿದರು.

ಹಬ್ಬ ಕಳೆದ ಮೇಲೆ ಅವರು ಬಸ್ಸು ಹಿಡಿದು ನನ್ನ ಅಂಗಡಿಗೆ ಬಂದರು. ಅದೇ ಫ್ರೇಮ್ ಮೂಗಿನ ಮೇಲೆ.

“ಹಾಕ್ಕೊಂಡೇ ಅಡುಗೆ ಮಾಡ್ತೀನಿ ಸಾರ್, ಹಾಕ್ಕೊಂಡೇ ಬಸ್ ಹತ್ತಿದೀನಿ. ಅಭ್ಯಾಸಾನೇ ಆಗ್ತಿಲ್ಲ. ನನ್ನ ಕಣ್ಣೇ ದಂಡ ಅನ್ಸತ್ತೆ. ಕೆಲ್ಸಾನೂ ಬೇರೆಯೋರಿಗೆ ಕೊಟ್ಬಿಟ್ಟ.”

ಅಷ್ಟು ದಿನ ಅವರು ತಮ್ಮ ಕಣ್ಣನ್ನು ಬೈದುಕೊಂಡಿದ್ದರು. ಒಂದು ಸುಳ್ಳು ಸಾಕಾಗದೆ ಸುಳ್ಳಿನ ತಪ್ಪನ್ನೂ ಅವರ ತಲೆಗೇ ಕಟ್ಟಿದ್ದೆವು. ನಾನು ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು.

“ಪವರ್ ಇಲ್ದೆ ಇದ್ರೆ ಅವತ್ತು ಚಪ್ಪಾಳೆ ಯಾಕ್ ಹೊಡುದ್ರಿ?”

ಹಾಗೆಂದವರೇ ಹೊರಟುಹೋದರು.

ಆ ವಾರ ಸವಳಂಗ ರಸ್ತೆಯಲ್ಲಿ ನಡೆದ ಕ್ಲಬ್ಬಿನ ಸಭೆಯಲ್ಲಿ ನಾನು ಕೂಗಾಡಿದೆ. ಅಧ್ಯಕ್ಷರು ಬೋಂಡಾ ತಿನ್ನುತ್ತಲೇ ಹೇಳಿದರು: “ಲೆನ್ಸ್ ಹಾಕಕ್ಕೆ ಫ್ರೇಮ್ ವಾಪಸ್ ಬೇಕಲ್ಲ. ದಾನ ಕೊಟ್ಟಿದ್ದನ್ನ ಮನೆಮನೆಗೆ ಹೋಗಿ ಕಿತ್ಕೊಂಡ್ ಬರ್ತೀಯಾ? ಪೇಪರಿನವರು ಬಿಡ್ತಾರಾ? ಆ ಯೋಜನೆ ಮುಗ್ದಿದೆ.” ಮುಗಿದದ್ದು ಮಾತ್ರವಲ್ಲ, ಅದಕ್ಕೆ ಪ್ರಶಸ್ತಿ ಫಲಕವೂ ಬಂದಿತ್ತು. ಮುಂದಿನ ವಿಷಯ ಪ್ರೌಢಶಾಲಾ ಮಕ್ಕಳಿಗೆ ಭಾಷಣ ಸ್ಪರ್ಧೆ. ಶೀರ್ಷಿಕೆ ‘ಸೇವೆಯೇ ಬೆಳಕು’. ಯಾರೂ ನಗಲಿಲ್ಲ. ಯುವ ಘಟಕದ ಹುಡುಗಿಯರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನಾವು ಅವರಿಗೆ ಕಲಿಸಿದ ನಾಯಕತ್ವ ಇದು.

ಆದರೆ ತಪಾಸಣೆಯ ಚೀಟಿಗಳ ನಕಲನ್ನು ಜೋಪಾನ ಮಾಡಿದ್ದವರು ಅವರೇ. ಪವರ್, ವಿಳಾಸ ಬರೆದಿದ್ದ ಆಕೆಯ ಚೀಟಿ ಹುಡುಕಿಕೊಟ್ಟರು. ಕೌಂಟರಿನ ಮೇಲೆ ಬಿಟ್ಟುಹೋದ ಫ್ರೇಮಿಗೆ ಲೆನ್ಸ್ ಕೂರಿಸಿಕೊಂಡು ನಾನು ಭದ್ರಾವತಿಗೆ ಹೋದೆ. ಮನೆಗೆ ಬೀಗ. ಮಗಳ ಮನೆಗೆ ಹೋಗಿದ್ದಾರೆ, ಬಂದ ಮೇಲೆ ಕೊಡುತ್ತೇನೆ ಎಂದು ಪಕ್ಕದ ಮನೆಯಾಕೆ ಇಸಿದುಕೊಂಡರು. ಬೇರೆ ಫ್ರೇಮುಗಳು ಯಾವ ಯಾವ ಮೂಗಿನ ಮೇಲೆ ಇನ್ನೂ ಅಭ್ಯಾಸವಾಗುತ್ತಿವೆಯೋ!

ಆಕೆಯ ಕನ್ನಡಕ ಅವರ ಕೈ ಸೇರಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕುಚ್ಚಿನ ಕೆಲಸ ಮತ್ತೆ ಸಿಕ್ಕಿತೋ, ಗೊತ್ತಿಲ್ಲ. ಮತ್ತೊಮ್ಮೆ ಹೋಗಿ ಕೇಳಲಿಲ್ಲ. ‘ಅಭ್ಯಾಸ ಆಗ್ಬೇಕಮ್ಮ’ ಎಂಬ ಮಾತನ್ನು ಮೇಲೆ ಅಧ್ಯಕ್ಷರ ಬಾಯಲ್ಲಿ ಇಟ್ಟಿದ್ದೇನೆ. ಆ ಮಾತು ಸಭೆಗೆಲ್ಲ ಜೋರಾಗಿ ಕೇಳಿಸಿತ್ತು, ಮೈಕ್ ನನ್ನ ಕೈಯಲ್ಲಿತ್ತು. ಅದನ್ನು ಹೇಳಿದವರು ಯಾರು, ನಿಜಕ್ಕೂ ಗೊತ್ತಿಲ್ಲ.