ಭೀಮೆಗೆ ಉಡಿ ತುಂಬುವ ನಿಂಬೆವ್ವ

ಮೂಡಣ ಕೆಂಪಾಗುವ ಮೊದಲೇ ಸೊನ್ನದ ನಿಂಬೆವ್ವ ಹರಿಗೋಲನ್ನು ಭೀಮೆಗೆ ಇಳಿಸಿಯಾಗಿದೆ. ದಿನಕ್ಕೆ ಹತ್ತು ಸಲ ಜನರನ್ನು ಹೊಳೆ ದಾಟಿಸುತ್ತಿದ್ದ ಕೈ ಅದು. ಎರಡೂ ದಡದಲ್ಲಿ ಪಹರೆ ಕೂತ ಮೇಲೆ ಗಿರಾಕಿಗಳು ಹೆದರುತ್ತಾರೆ. ಇವತ್ತು ಆಕೆ ಒಬ್ಬಳೇ.

ಮುಂಗಾರಿನ ಮಿರಗದ ಮಳೆಗೆ ಹೊಸ ನೀರು ಬಂದರೆ ಬಸುರಿ ಮೀನುಗಳು ಮಡುವಿಗೆ ಬರುತ್ತವೆ. ಅವು ಮೊಟ್ಟೆಯಿಡುವ ತಿಂಗಳು ಎರಡೂ ದಡದವರು ಬಲೆ ಮಡಚಿಡುವುದು ಮುತ್ತಜ್ಜರ ಕಾಲದ ಕಟ್ಟಳೆ. ಹೆಂಗಸರು ಬಸುರಿಗೆ ಮಡಿಲು ತುಂಬುವಂತೆ ಹೊಳೆಗೆ ಉಡಿ ತುಂಬಿದರೆಂದರೆ ಮುಗಿಯಿತು, ಬಲೆ ನೀರು ಮುಟ್ಟುವಂತಿಲ್ಲ. ಮೂವತ್ತು ವರ್ಷದಿಂದ ಆ ದಿನ ಗೊತ್ತು ಮಾಡಿ, ತಿಂಗಳಿಡೀ ಮಡು ಕಾಯುವವಳು ನಿಂಬೆವ್ವ. ಊರು ಉಪಕಾರ ಅರಿಯದು. ಈ ಕಾವಲಿಗೆ ಯಾರೂ ಆಕೆಗೆ ಸೇರು ಜೋಳ ಕೊಟ್ಟಿಲ್ಲ.

ಆದರೆ ಇದು ಸಾವಿರದ ಒಂಬೈನೂರ ನಲವತ್ತೆಂಟು. ಈ ದಡ ನಿಜಾಮರದು, ಆ ದಡ ಹಿಂದುಸ್ತಾನದ್ದು. "ಬ್ಯಾರೆ ದೇಶದವರ ಕಟ್ಟಳಿ ನಮಗ್ಯಾಕ?" ಎಂದು ಆಚೆ ದಡದ ಹಿರಿಯ ಮಲ್ಲಣ್ಣ ನಿನ್ನೆ ಬಲೆ ಹಾಕಿಸಿದ್ದಾನೆ. ಅವರು ಹಾಕಿದರೆ ಇವರು ಬಿಟ್ಟಾರೆಯೇ? ಎರಡು ವರ್ಷದಲ್ಲಿ ಮಡು ಬರಿದು.

ಆಕೆಗೆ ಹುರುಪು ತುಂಬಿದವರು ಶಾಲೆಯ ಮಾಸ್ತರ ಚಂದ್ರಾಮಪ್ಪ. ಹಳೆಯ ಪತ್ರಿಕೆಯೊಂದರ ಸುದ್ದಿ ಓದಿ ಹೇಳಿದ್ದಾರೆ: ತಿಮಿಂಗಿಲ ಉಳಿಯಲೆಂದು ಹದಿನೈದು ದೇಶಗಳು ಕೂಡಿ ಸಹಿ ಹಾಕಿವೆ, ಮರಿಯೊಂದಿಗಿರುವ ತಾಯಿಯನ್ನು ಕೊಲ್ಲುವಂತಿಲ್ಲ.

ದಡ ಮುಟ್ಟುವ ಮೊದಲೇ ನಿಂಬೆವ್ವ ಕೂಗುತ್ತಾಳೆ. "ಮಲ್ಲಣ್ಣಾ, ಹದಿನೈದು ದೇಶ ಒಂದ್ ಮಾತಿಗಿ ಬಂದಾವ! ನಮ್ಮ ಎರಡು ದಂಡಿ ಬರಾಕ ಆಗಂಗಿಲ್ಲೇನು?"

ಸುದ್ದಿಯೆಲ್ಲ ಕೇಳಿದ ಮಲ್ಲಣ್ಣ ಹುಬ್ಬೇರಿಸುತ್ತಾನೆ. "ಅಷ್ಟ್ ದೊಡ್ಡ ಮೀನ ಮೊಟ್ಟಿ ಎಷ್ಟಿಡ್ತದ ಬೇ?"

"ಮೊಟ್ಟಿ ಇಡಂಗಿಲ್ಲೋ ಯಪ್ಪಾ, ಮರಿ ಹಾಕ್ತದ, ಹಾಲು ಕುಡಸ್ತದ!"

"ನಮ್ಮ ಮೀನ ಹಾಲು ಕುಡಸಂಗಿಲ್ಲಲ್ಲ?"

"ಕುಡಸಂಗಿಲ್ಲ. ಆದ್ರ ಬಸುರಿ ಹೌದೋ ಅಲ್ಲೋ? ನಿನ್ನ ಮನ್ಯಾಗ ಬಸುರೀನ್ನ ಹೊಡೀತೀಯೇನು?"

ಮಲ್ಲಣ್ಣ ಗಹಗಹಿಸಿ ನಗುತ್ತಾ ತನ್ನವರತ್ತ ತಿರುಗುತ್ತಾನೆ. "ಏಳ್ರಿಲೇ, ಬಲಿ ಜಗ್ಗ್ರಿ! ಈಕಿ ಸಂಗಾಟ ಮಾತಾಡಿ ಗೆದ್ದೋರಿಲ್ಲ."

ಬಲೆಗಳು ಒಂದೊಂದಾಗಿ ಮೇಲೆ ಬರುವುದನ್ನು ನೋಡಿ ನಿಂಬೆವ್ವನಿಗೆ ಕುಣಿಯುವಷ್ಟು ಖುಷಿ. ಹೊತ್ತು ಏರುವಷ್ಟರಲ್ಲಿ ಎರಡೂ ದಡದಲ್ಲಿ ಖಣ, ಕೊಬ್ಬರಿ, ಜೋಳ ಹಿಡಿದ ಹೆಂಗಸರು. ನಿಂಬೆವ್ವ ಒಂದು ಬೊಗಸೆ ಜೋಳ ನೀರಿಗೆ ಬಿಡುತ್ತಾಳೆ. ತಡೆದು, ಇನ್ನೊಂದು ಬೊಗಸೆ ಬಿಡುತ್ತಾಳೆ. ಎರಡನೆಯದು ಯಾರಿಗೆ ಎಂದು ಕೇಳಿದರೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾಳೆ.

"ಆ ಹಾಲು ಕುಡಸೋ ಅವ್ವಗ್ರಿ. ಭೀಮಿ ಹೆಂಗೂ ಸಮುದ್ರಕ್ಕ ಹೊಂಟಾಳ, ಮುಟ್ಟಸ್ತಾಳ ಬಿಡ್ರಿ."