ಗುಡ್ಡದ ಮೇಲಿನ ಕೂಗುಗಾರ

ಸಾವಿರದ ಎಂಟುನೂರ ನಲವತ್ತೊಂದನೆಯ ಇಸವಿ ಜೂನ್ ಹದಿನಾಲ್ಕು, ಸೋಮವಾರ. ನ್ಯೂಜಿಲೆಂಡಿನ ದಕ್ಷಿಣ ತುದಿಯ ನಮ್ಮ ಕೊಲ್ಲಿಯಲ್ಲಿ ನಡುಚಳಿಗಾಲ, ಆಲಿಕಲ್ಲು ತೂರುವ ಗಾಳಿ. ಅಂಥ ದಿನವೂ ತಿಮಿಂಗಿಲದ ಕಾವಲುಗಾರ ಆಬೆಲ್ ಟ್ರೆಗಾರ್, ಎಂದಿನಂತೆ, ಬೆಳಕು ಹರಿಯುವ ಮುನ್ನವೇ ಗುಡ್ಡದ ಮೇಲಿದ್ದ. ತಿಮಿಂಗಿಲ ಕಂಡೊಡನೆ ಕೂಗುವುದು ಅವನ ಕೆಲಸ; ಉಳಿದ ಹೊತ್ತೆಲ್ಲ ಕೆಳಗಿನ ದೋಣಿಯವರನ್ನು ಬೈಯುವುದು ಅವನ ಧರ್ಮ. "ನಿಮ್ಮ ಕಣ್ಣು ತಟ್ಟೇಲಿರೋ ಆಲೂಗಡ್ಡೆ ಹುಡುಕೋಕಷ್ಟೇ ಲಾಯಕ್ಕು ಕಣ್ರೋ!" ಎನ್ನುವನು. "ಹೌದಜ್ಜಾ, ನೀನು ಲಂಡನ್ ಬೀದೀಲಿ ಹೋಗೋ ಹುಡುಗೀರನ್ನೂ ಇಲ್ಲಿಂದ್ಲೇ ನೋಡ್ತೀಯಲ್ಲ!" ಎಂದು ಅವರು ಕೆಣಕಿದರೆ, "ನಿನ್ನೆ ನಿಮ್ಮಜ್ಜಿ ಹೋಗ್ತಿದ್ಲು, ಮರ್ಯಾದೆಗೆ ಸುಮ್ನಿದ್ದೆ" ಎಂದು ಗಂಭೀರವಾಗಿ ಉತ್ತರಿಸುವನು. "ಎಣ್ಣೆ ಉಸಿರಾಡ್ತಿದೆ, ಏಳ್ರೋ!" ಎಂದು ಅವನು ಅಬ್ಬರಿಸಿದರೆ ಕಡಲಹಕ್ಕಿಗಳು ಬಂಡೆ ಬಿಟ್ಟು ಹಾರುತ್ತಿದ್ದವು, ದಡದಲ್ಲಿ ತಿಮಿಂಗಿಲದ ಕೊಬ್ಬು ಕಾಯಿಸಿ ಎಣ್ಣೆ ತೆಗೆಯುವ ಕಡಾಯಿಗಳು ಗುಂಯ್‌ಗುಡುತ್ತಿದ್ದವು. ಮಗ್ಗುಲಲ್ಲಿ ಅವನ ಹೆಂಡತಿ, ಆ ನಾಡಿನ ಮೂಲನಿವಾಸಿ ಮಾವೊರಿ ಜನದ ಹಿನೆವಾಯಿ, ನಾರು ಹೆಣೆಯುತ್ತ ಕೂತಿರುತ್ತಿದ್ದಳು. ಕಡಲಲ್ಲಿ ತಿಮಿಂಗಿಲ ಉಸಿರುಬಿಟ್ಟು ನೀರಿನ ಚಿಲುಮೆ ಎದ್ದಾಗ ಅವಳ ಮೊಣಕೈ ಅವನ ಪಕ್ಕೆಗೆ ತಾಗುತ್ತಿತ್ತು, ಆಮೇಲೆಯೇ ಕೂಗು. ಆಬೆಲನಿಗೆ ಎರಡು ವರ್ಷದಿಂದ ಕಣ್ಣು ಕಾಣುತ್ತಿರಲಿಲ್ಲ. ಕೆಲಸ ಹೋದವನಿಗೆ ಗುಡಿಸಲೂ ಇಲ್ಲವೆಂಬುದು ಕೊಲ್ಲಿಯ ಕಟ್ಟಳೆಯಾದ್ದರಿಂದ, ಎಲ್ಲರಿಗೂ ಗೊತ್ತಿದ್ದ ಈ ಸಂಗತಿಯನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಮರುವರ್ಷ ಮೇ ಮೂರರಂದು ಹಿನೆವಾಯಿ ಜ್ವರದಿಂದ ತೀರಿಕೊಂಡಳು. ಮೇ ಐದು, ಗುರುವಾರ ಬೆಳಗ್ಗೆ, ಆಬೆಲ್ ಒಬ್ಬನೇ ತಡವರಿಸುತ್ತ ಗುಡ್ಡ ಹತ್ತಿ, ಏನೂ ಇಲ್ಲದ ಕಡಲಿಗೆ ಮುಖಮಾಡಿ ಕೂಗಿದ. ಕೊಲ್ಲಿಯ ಆರು ದೋಣಿಗಳೂ ಹೊರಟವು; ಸಂಜೆಯವರೆಗೆ ಹುಟ್ಟುಹಾಕಿ ಬರಿದಾಗಿ ಮರಳಿದವು. ಆ ಋತು ಮುಗಿಯುವವರೆಗೂ ಅವನೇ ಕಾವಲುಗಾರನಾಗಿದ್ದ.